ಇಳಿಯುವ ಊರು

ಮೈಸೂರು ಬಸ್ಸು ನಂಜನಗೂಡಿನ ಸ್ಟ್ಯಾಂಡು ಬಿಟ್ಟು ಮರೆಯಾದ ಮೇಲೆ, ತಮ್ಮ ಕೈಯಲ್ಲಿದ್ದ ಛತ್ರಿ ಕಂಡು ಸರ್ವಮಂಗಳಾ ಟೀಚರ ಎದೆ ಧಸಕ್ಕೆಂದಿತು.

ಬುದ್ಧಿಮಾಂದ್ಯ ಮಕ್ಕಳ ಶಾಲೆಯಲ್ಲಿ ಅವರ ಬಳಿ ಕಲಿಯುವ ಭಾನುಪ್ರಿಯಾ ಇವತ್ತು ಮೊದಲ ಸಲ ಒಬ್ಬಳೇ ಆ ಬಸ್ಸಿನಲ್ಲಿ ತನ್ನೂರು ತಾಂಡವಪುರಕ್ಕೆ ಹೊರಟಿದ್ದಳು. ಹದಿನೆಂಟು ತುಂಬಿದ್ದರೂ ಅಕ್ಷರ ಹತ್ತದ ಹುಡುಗಿ. ತಾಯಿ ಕೆಂಪಾಜಮ್ಮ ಫ್ಯಾಕ್ಟರಿ ಕೆಲಸಕ್ಕೆ ಸೇರಿದ ಮೇಲೆ ಅವಳನ್ನು ಕರೆದೊಯ್ಯುವವರಿರಲಿಲ್ಲ.

“ಒಬ್ಳೇ ಬರಾದ್ ಕಲೀದಿದ್ರೆ ಇನ್ನೇನ್ ಮಾಡಾದು ಮಿಸ್? ಮನೇಲ್ ಕೂಡಾಕಿ ಬೀಗ ಆಕ್ಕೊಂಡ್ ಓಯ್ತೀನಿ, ಅಷ್ಟೆಯ,” ಎಂದಿದ್ದಳು ಕೆಂಪಾಜಮ್ಮ.

ಅದಕ್ಕೇ ಟೀಚರು ತಿಂಗಳುಗಟ್ಟಲೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತು, ಊರಿನ ನೀರಿನ ಟ್ಯಾಂಕು ಕಂಡ ಕೂಡಲೇ ಏಳಬೇಕೆಂದು ಕಲಿಸಿದ್ದರು. ಭಾನು ಒಂದು ದಿನವೂ ತಪ್ಪಿರಲಿಲ್ಲ.

ತಪ್ಪುವುದಾದರೂ ಹೇಗೆ? ಟ್ಯಾಂಕು ಬರುವ ಮುಂಚೆಯೇ ಟೀಚರು ಕಾಲಡಿಯ ಛತ್ರಿ ಎತ್ತಿಕೊಳ್ಳುತ್ತಿದ್ದರು. ಹುಡುಗಿ ಏಳುತ್ತಿದ್ದದ್ದು ಛತ್ರಿ ನೋಡಿ, ಟ್ಯಾಂಕು ನೋಡಿ ಅಲ್ಲ. ಇಷ್ಟು ವರ್ಷ ಪಾಠ ಹೇಳಿದವಳಿಗೆ ಇಷ್ಟು ಹೊಳೆಯಲಿಲ್ಲವೇ ಎಂದು ತಮ್ಮನ್ನೇ ಬೈದುಕೊಂಡು ಹಿಂದೆಯೇ ಬಂದ ಬಸ್ಸು ಹತ್ತಿದರು.

ತಾಂಡವಪುರದ ಸ್ಟಾಪಿನಲ್ಲಿ ಭಾನು ಇರಲಿಲ್ಲ. ಕಿಟಕಿಯಿಂದಲೇ ಕೇಳಿದರೆ, ಅಂತಹ ಹುಡುಗಿ ಯಾರೂ ಇಳಿಯಲಿಲ್ಲವೆಂದ ಅಂಗಡಿಯವನು. ಮೈಸೂರು ಮುಟ್ಟುವವರೆಗೂ ಟೀಚರಿಗೆ ಕೆಟ್ಟ ಕೆಟ್ಟ ಯೋಚನೆಗಳೇ ಬಂದವು. ಯಾರಾದರೂ ಕೈ ಹಿಡಿದು ಕರೆದರೆ ಆ ಹುಡುಗಿ ನಗುನಗುತ್ತಾ ಹೋಗಿಬಿಡುವಂಥವಳು.

ಮೈಸೂರು ಸ್ಟ್ಯಾಂಡಿನಲ್ಲಿ ಆ ಬಸ್ಸು ಖಾಲಿ ನಿಂತಿತ್ತು. ಒಳಗೆ ಭಾನು ಒಬ್ಬಳೇ, ಪಕ್ಕದ ಸೀಟಿನ ಮೇಲೆ ಅಂಗೈ ಊರಿ ಕೂತಿದ್ದಳು. ದಾರಿಯುದ್ದಕ್ಕೂ ಯಾರನ್ನೂ ಅಲ್ಲಿ ಕೂರಲು ಬಿಡಲಿಲ್ಲವೆಂದು ಕಂಡಕ್ಟರ್ ದೂರಿದ.

“ಇದು ಮಿಸ್ ಜಾಗ,” ಎಂದಳು ಭಾನು.

ಟೀಚರಿಗೆ ಅಳು ತಡೆಯಲಾಗಲಿಲ್ಲ.

ಅದೇ ಬಸ್ಸು ವಾಪಸ್ಸು ಹೊರಟಾಗ, ಟ್ಯಾಂಕು ನೋಡಬೇಕು, ನನ್ನನ್ನಲ್ಲ ಎಂದು ಹೇಳಿ, ಅವರು ಹಿಂದಿನ ಸೀಟಿಗೆ ಹೋಗಿ ಛತ್ರಿಯನ್ನು ಅದರಡಿಗೆ ತಳ್ಳಿದರು. ಭಾನು ಮತ್ತೆ ಮತ್ತೆ ತಿರುಗಿ ನೋಡಿದಳು. ಕಡಕೊಳ ದಾಟಿತು. ದೂರದಲ್ಲಿ ಟ್ಯಾಂಕು ಕಂಡಿತು. ಈಗ ಅಲುಗಿದರೂ ಕೆಟ್ಟಿತು ಎಂದು ಟೀಚರು ಕಂಬಿ ಬಿಗಿಹಿಡಿದು, ಕಣ್ಣು ಮುಚ್ಚಿ ಕೂತರು. ಬಸ್ಸು ನಿಧಾನವಾಯಿತು. ಆದರೂ ಅವರು ಏಳಲಿಲ್ಲ.

ಯಾರೋ ಭುಜ ಹಿಡಿದು ಅಲುಗಾಡಿಸಿದರು.

“ಏಳಿ ಮಿಸ್. ಊರ್ ಬಂತು.”

ಭಾನು ಬಗ್ಗಿ ಸೀಟಿನಡಿಯ ಛತ್ರಿ ಎಳೆದುಕೊಂಡಳು. ಅದನ್ನು ಟೀಚರ ಕೈಗೆ ಕೊಡದೆ ತಾನೇ ಹಿಡಿದು ಬಾಗಿಲ ಕಡೆ ನಡೆದಳು.