ಬಾಯಿ ಕಟ್ಟಿದ ಕುಡಿಕೆ

ನಾನು ಒಂದು ಮಣ್ಣಿನ ಕುಡಿಕೆ. ಕುಂಬಾರ ಸಿದ್ದಶೆಟ್ಟರ ತಿಗುರಿಯ ಮೇಲೆ ತಿರುಗಿ ಹುಟ್ಟಿ, ಆವಿಗೆಯ ಬೆಂಕಿಯಲ್ಲಿ ಬೆಂದು ಕೆಂಪಾದೆ. ಸಂತೆಯಲ್ಲಿ ಚಿಕ್ಕತಾಯಮ್ಮ ನನ್ನನ್ನು ಬೆರಳಿಂದ ತಟ್ಟಿ ನೋಡಿ, "ಸದ್ದು ಚೆನ್ನಾಗದೆ" ಎಂದು ಕೊಂಡಳು. ಕೆಲವು ವರ್ಷ ಅವಳ ಅಡುಗೆಮನೆಯಲ್ಲಿ ಮೊಸರು ಹೆಪ್ಪುಗಟ್ಟಿಸಿಕೊಂಡು ಸುಖವಾಗಿದ್ದೆ.

ಆ ಸುಖ ಮುಗಿದದ್ದು ಅವಳ ಮೊಮ್ಮಗಳು ನಂಜಮಣಿಗೆ ಸಕ್ಕರೆ ಕಾಯಿಲೆ ಬಂದಾಗ. ಇನ್ನೂ ಹಾಲುಹಲ್ಲು ಬೀಳುವ ವಯಸ್ಸು. ದಿನವೂ ಇನ್ಸುಲಿನ್ ಚುಚ್ಚಲೇಬೇಕು, ಅದನ್ನು ತಂಪಾಗಿಡಬೇಕು, ಮನೆಯಲ್ಲಿ ಫ್ರಿಜ್ ಇಲ್ಲ. ದೊಡ್ಡ ಮಡಕೆಯೊಂದಕ್ಕೆ ಮರಳು ತುಂಬಿ, ನೀರು ಹನಿಸಿ, ನನ್ನನ್ನು ಕತ್ತಿನವರೆಗೆ ಅದರಲ್ಲಿ ಹೂತರು. ಹೊಟ್ಟೆಯೊಳಗೆ ಔಷಧಿಯ ಪುಟ್ಟ ಶೀಸೆ. ಅಂದಿನಿಂದ ನಾನು ಕಂಡ ಲೋಕವೆಂದರೆ ಮೂಲೆಯ ಗೋಡೆ, ಮೇಲಿನ ಹೆಂಚು, ಬಗ್ಗಿ ನೋಡುವ ಮುಖಗಳು.

ಹೆಚ್ಚು ಬಗ್ಗುತ್ತಿದ್ದವಳು ನಂಜಮಣಿಯೇ. ದೊಡ್ಡವಳಾಗುತ್ತ ತಾನೇ ಚುಚ್ಚಿಕೊಳ್ಳಲು ಕಲಿತಳು. ಹನ್ನೆರಡು ತುಂಬುವ ಹೊತ್ತಿಗೆ ಮಾತ್ರ ಏನೋ ಬದಲಾಯಿತು. ಮುಖ ಊದಿಕೊಂಡಿತು. ಓರಗೆಯವರೆಲ್ಲ ಎತ್ತರವಾದರು, ಅವಳು ಆಗಲಿಲ್ಲ. ಬಿಸಿಲಲ್ಲೂ ಚಳಿ ಎಂದು ಕಂಬಳಿ ಹೊದ್ದು ಕೂರುತ್ತಿದ್ದಳು. ಸಾಲದ್ದಕ್ಕೆ ರಕ್ತದ ಸಕ್ಕರೆ ಮೇಲಿಂದ ಮೇಲೆ ಇಳಿಯತೊಡಗಿತು. ಬೆವರು, ಕೈನಡುಕ, "ಅವ್ವಾ, ಬೆಲ್ಲ" ಎಂಬ ಕೂಗು. ಇನ್ಸುಲಿನ್ ಹೆಚ್ಚಾಗಿ ಸಕ್ಕರೆ ಇಳಿದರೆ ಬೆಲ್ಲ ಕೊಡಿ ಎಂದು ಆಸ್ಪತ್ರೆಯಲ್ಲೇ ಹೇಳಿದ್ದರು. ಬೇರೆ ಹೊತ್ತಿನಲ್ಲಿ ಆ ಮನೆಯಲ್ಲಿ ಅವಳ ಕಣ್ಣಿಗೆ ಸಿಹಿ ಬೀಳುತ್ತಿರಲಿಲ್ಲ.

ತಾಯಿ ದೇವೀರಮ್ಮನಿಗೆ ಅನುಮಾನ ಹುಟ್ಟಿದ್ದು ಅಲ್ಲೇ.

"ನಿಜ ಹೇಳು. ಬೆಲ್ಲದ ಆಸೆಗೆ ಕದ್ದು ಚುಚ್ಕತಾ ಇದ್ದೀಯ?"

"ಇಲ್ಲ ಕನವ್ವ, ನಿನ್ನಾಣೆ."

"ಮತ್ಯಾಕೆ ಇಳೀತದೆ? ನಾನೇನು ನೆನ್ನೆ ಹುಟ್ಟಿದ್ನಾ?"

"ಕೂಸು ಅದು, ಸುಮ್ನಿರವ್ವ" ಎಂದು ಚಿಕ್ಕತಾಯಮ್ಮ ಅಂದರೂ ಸೊಸೆ ಕೇಳಲಿಲ್ಲ. ನನ್ನ ಬಾಯಿಗೆ ಬಟ್ಟೆ ಮುಚ್ಚಿ, ಹುರಿಯಿಂದ ಬಿಗಿದು ಗಂಟು ಹಾಕಿದಳು. "ಇನ್ಮೇಲೆ ನಾನೇ ಅಳೆದು ಚುಚ್ತೀನಿ. ಅದ್ಯಾವ ಬಾಯಲ್ಲಿ ಬೆಲ್ಲ ಕೇಳೀಯೆ, ನೋಡ್ತೀನಿ."

ಬಟ್ಟೆಯಾಚೆ ಲೋಕ ಮಸುಕಾಯಿತು. ಹೊತ್ತಲ್ಲದ ಹೊತ್ತಿನಲ್ಲಿ ಆ ಹುಡುಗಿಯ ಕೈ ಒಮ್ಮೆಯೂ ನನ್ನೊಳಗೆ ಇಳಿದಿರಲಿಲ್ಲ. ಅದು ನನಗೆ ಗೊತ್ತಿತ್ತು. ಮಣ್ಣಿಗೆ ಸಾಕ್ಷಿ ಹೇಳುವ ನಾಲಿಗೆ ಎಲ್ಲಿಂದ ಬರಬೇಕು?

ಒಂದು ಬೆಳಿಗ್ಗೆ ದೇವೀರಮ್ಮ ತಾನೇ ಮಗಳಿಗೆ ಚುಚ್ಚಿ, ತಿಂಡಿ ಕೊಟ್ಟು, ಮತ್ತೆ ಗಂಟು ಬಿಗಿದು ಪಕ್ಕದ ಹೊಲಕ್ಕೆ ಹೋದಳು. ಸ್ವಲ್ಪ ಹೊತ್ತಿಗೆ ನಂಜಮಣಿ ಬಂದು ನನ್ನ ಬಳಿ ಗೋಡೆಗೊರಗಿ ಕುಳಿತಳು. ದೊಡ್ಡ ಮಡಕೆಯ ಅಂಚಿನ ಮೇಲಿದ್ದ ಅವಳ ಕೈಯ ನಡುಕ ಮರಳಿಗಿಳಿದು ನನ್ನನ್ನು ಮುಟ್ಟಿತು. ಬೆಲ್ಲದ ಡಬ್ಬಿ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಜಗಲಿಯಲ್ಲಿ ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದಳು, ಕರೆದರೆ ಬರುತ್ತಿದ್ದಳು. ಹುಡುಗಿ ಕರೆಯಲಿಲ್ಲ. ತುಟಿ ಕಚ್ಚಿಕೊಂಡು ಕೂತೇ ಇದ್ದಳು. ಆಮೇಲೆ ಪಕ್ಕಕ್ಕೆ ವಾಲಿ ಬಿದ್ದಳು.

ಸದ್ದಿಗೆ ಅಜ್ಜಿ ಓಡಿ ಬಂದಳು. ಪುಣ್ಯಕ್ಕೆ ನುಂಗುವಷ್ಟು ಎಚ್ಚರವಿತ್ತು, ಬೆಲ್ಲದ ನೀರನ್ನು ಚಮಚದಲ್ಲಿ ಕುಡಿಸಿದಳು. ಕೂಗು ಕೇಳಿ ಬಂದ ದೇವೀರಮ್ಮನ ಬೆರಳು ಮೊದಲು ತಡಕಿದ್ದು ನನ್ನ ಗಂಟನ್ನು. ಅದು ಅವಳು ಹಾಕಿದ ಹಾಗೆಯೇ ಇತ್ತು.

ಮಗಳು ಕಣ್ಣು ಬಿಟ್ಟ ಮೇಲೆ ತಾಯಿಯ ದನಿ ಸಣ್ಣಗಾಯಿತು. "ಕೇಳ್ಬಾರ್ದಿತ್ತಾ ಕೂಸೆ, ಒಂಚೂರು ಬೆಲ್ಲಾನ?"

"ಕೇಳಿದ್ರೆ ಕಳ್ಳಿ ಅಂತಿದ್ದೆ."

ದೇವೀರಮ್ಮ ನನ್ನ ಬಾಯಿಗೆ ಬಿಗಿದಿದ್ದ ಹುರಿಯನ್ನು ಬಿಚ್ಚಿ ತೆಗೆದಳು.

ಅವತ್ತೇ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರಮ್ಮ ಹುಡುಗಿಯ ಕತ್ತು ಮುಟ್ಟಿ ನೋಡಿ ರಕ್ತ ಪರೀಕ್ಷೆ ಮಾಡಿಸಿದರಂತೆ. ಫಲಿತಾಂಶ ಬಂದ ದಿನ ದೇವೀರಮ್ಮ ಅತ್ತೆಯ ಮುಂದೆ ಹೇಳಿಕೊಂಡಳು: "ಥೈರಾಯ್ಡ್ ಅಂತೆ ಕನತ್ತೆ. ಗಂಟಲಲ್ಲಿರೋ ಗ್ರಂಥಿ ಸೊರಗೋಗದಂತೆ. ಸಕ್ಕರೆ ಕಾಯಿಲೆ ಇರೋ ಕೂಸ್ಗೋಳಿಗೆ ಇದೂ ಜೊತೇಲಿ ಬರ್ತದಂತೆ, ಆಗಾಗ ನೋಡಿಸ್ತಿರ್ಬೇಕಂತೆ. ಹಳೇ ಅಳತೆ ಇನ್ಸುಲಿನ್ನೇ ಅದರ ಮೈಗೆ ಜಾಸ್ತಿ ಆಯ್ತಿತ್ತಂತೆ. ನಾ ಅದ ಕಳ್ಳಿ ಅಂದ್ನಲ್ಲ!"

ಬೆಳಿಗ್ಗೆ ಬರಿಹೊಟ್ಟೆಗೆ ಒಂದು ಮಾತ್ರೆ ಶುರುವಾಯಿತು. ಇನ್ಸುಲಿನ್ನಿನ ಅಳತೆಯನ್ನು ಡಾಕ್ಟರೇ ತಿದ್ದಿದರು. ನಿಧಾನವಾಗಿ ಮುಖದ ಊತ ಇಳಿಯಿತು, ಲಂಗ ಗಿಡ್ಡವಾಯಿತು.

ಈಗ ಮನೆಗೆ ಫ್ರಿಜ್ ಬಂದಿದೆ. ಅಂಚು ಮುಕ್ಕಾದ ನಾನು ಹಿತ್ತಲಲ್ಲಿ ಕರಿಬೇವಿನ ಬುಡದಲ್ಲಿ ಅರ್ಧ ಹೂತು ಬಿದ್ದಿದ್ದೇನೆ. ಹೂತಿರುವುದು ನನಗೆ ಹೊಸತಲ್ಲ. ಮಣ್ಣಿನ ನಾನು ಮಾತಿಲ್ಲದೆ ಇದ್ದದ್ದು ಸಹಜ. ಮಾತು ಬಲ್ಲ ಮಗುವೊಂದು ಬಾಯಿ ಮುಚ್ಚಿಕೊಂಡು ನನ್ನ ಪಕ್ಕ ಕೂತಿದ್ದು ಮಾತ್ರ ಮರೆಯದು.

ಇವತ್ತಿಗೂ ಅಪರೂಪಕ್ಕೆ ಸಕ್ಕರೆ ಇಳಿಯುತ್ತದೆ. "ಅವ್ವಾ, ಬೆಲ್ಲ ತತ್ತಾ" ಎಂದು ಒಳಗಿನಿಂದ ದೊಡ್ಡ ದನಿ ಕೇಳುತ್ತದೆ. ಬಟ್ಟೆ ಒಗೆಯುತ್ತಿರುವ ದೇವೀರಮ್ಮ ಯಾಕೆ ಎಂದು ಕೇಳದೆ, ಸೋಪಿನ ನೊರೆಯ ಕೈಯಲ್ಲೇ ಎದ್ದು ಓಡುತ್ತಾಳೆ.