ಎರಡನೇ ಗಿಟಾರ್ ಯಾರದು

ಕುರ್ಚಿಯ ಕಾಲು ನೆಲಕ್ಕುಜ್ಜಿ ಕಿರ್ರೆಂದಿತು, ಯಾವುದೋ ಸ್ವರಕ್ಕೆ ಕೂದಲೆಳೆಯಷ್ಟು ಕಡಿಮೆ, ಬೇರೆ ದಿನವಾಗಿದ್ದರೆ ಯಾವ ಸ್ವರ ಎಂದು ಅವಳ ಕಿವಿ ತಾನಾಗಿಯೇ ಹುಡುಕುತ್ತಿತ್ತು, ಇವತ್ತು ಹುಡುಕಲಿಲ್ಲ, ಎಳೆದಳು, ಬಿಟ್ಟಳು, ಇನ್ನೊಂದನ್ನು ಎಳೆದಳು — ಹದಿನೇಳಾಯಿತು. ಒತ್ತೊತ್ತಾಗಿ ಹಾಕಿದ್ರೆ ನಲವತ್ತು ಹಿಡಿಸುತ್ತೆ ಕಣಮ್ಮ, ಜನ ಉಸಿರಾಡಬೇಕು ಅಂದ್ರೆ ಮೂವತ್ತು, ಎಂದಿದ್ದರು ಸಂಗೀತ ಕಾಲೇಜಿನ ಕಾವಲುಗಾರರು, ಬೀಗದ ಕೈ ಗೊಂಚಲು ಕುಲುಕುತ್ತ, ಉಸಿರಾಡಲಿ ಬಿಡಿ ಎಂದಿದ್ದಳು ಇವಳು, ತನ್ನದೇ ದನಿ ಪಕ್ಕದ ಕೋಣೆಯಿಂದ ಬಂದಂತೆ ಕೇಳಿತ್ತು. ಐದು ವಾರದಿಂದ ಎಲ್ಲವೂ ಪಕ್ಕದ ಕೋಣೆಯಲ್ಲೇ ನಡೆಯುತ್ತಿದೆ, ಊಟ, ಪಾಠ, ಅಮ್ಮನ ಫೋನು, ಇವಳು ಮಾತ್ರ ಗೋಡೆಯ ಈಚೆ ನಿಂತಿದ್ದಾಳೆ, ಅಳು ಬರುತ್ತದೆ ಎಂದು ಕಾದಿದ್ದಾಯಿತು, ಬರಲಿಲ್ಲ, ಬಾರದ ಬಸ್ಸಿಗೆ ಎಷ್ಟು ಹೊತ್ತು ಕಾಯುವುದು, ನಡೆದುಕೊಂಡೇ ಹೊರಟಳು, ಈಗಲೂ ನಡೆಯುತ್ತಿದ್ದಾಳೆ, ಹದಿನೆಂಟು, ಹತ್ತೊಂಬತ್ತು. ನಾಳಿದ್ದು ಸಂಜೆ ಐದಕ್ಕೆ ಅವಳ ಕೊನೆಯ ವರ್ಷದ ಗಾಯನ. ಮೈಕಿಲ್ಲ, ವೇದಿಕೆಯಿಲ್ಲ, ಮೊದಲ ಮಹಡಿಯ ಈ ಚಿಕ್ಕ ಕೋಣೆ, ಕಿಟಕಿಯಾಚೆ ವಾಹನ ನಿಲ್ಲಿಸುವ ಜಾಗ, ತಾನೇ ಬರೆದು ತಾನೇ ರಾಗ ಹಾಕಿದ ಏಳು ಹಾಡು, ಮೂವತ್ತೈದು ನಿಮಿಷ. ಹಾಳೆಯಲ್ಲಿ ಕೋಣೆಯ ನಕ್ಷೆ ಇದೆ, ಅವಳೇ ಬರೆದದ್ದು, ಐದು ವಾರಕ್ಕೂ ಮುಂಚೆ, ಆಗ ಕೈಬರಹ ಕೂಡ ಬೇರೆ ಥರ ಇತ್ತು, ಅಕ್ಷರಗಳು ಕುಣಿಯುತ್ತಿದ್ದವು: ಇಲ್ಲಿ ದೀಪ, ಇಲ್ಲಿ ನನ್ನ ಸ್ಟೂಲು, ಇಲ್ಲಿ ಅಣ್ಣನ ಸ್ಟೂಲು. ಎರಡನೇ ಸ್ಟೂಲು ಈಗ ಅವಳ ಕೈಯಲ್ಲಿದೆ, ಎಲ್ಲಿಡಲಿ ಎಂದು ಗೊತ್ತಾಗದೆ ಅದನ್ನು ಎತ್ತಿಕೊಂಡೇ ನಿಂತಿದ್ದಾಳೆ. ಸಹವಾದಕರು ಅನ್ನೋ ಕಾಲಂ ಖಾಲಿ ಬಿಟ್ಟಿದ್ದೀಯಲ್ಲ ಮಗು, ಎಂದಿದ್ದರು ಅವಳ ಗುರುಗಳು ಬೆಳಿಗ್ಗೆ, ಕಂಡದ್ದಕ್ಕೆಲ್ಲ ಪೆನ್ಸಿಲಿನಲ್ಲಿ ಷರಾ ಬರೆಯುವುದರಿಂದ ಹುಡುಗರೆಲ್ಲ ಟಿಪ್ಪಣಿ ಮೇಡಂ ಎನ್ನುವವರು, ಇವತ್ತು ಸಂಜೆ ಕಾರ್ಯಕ್ರಮ ಪತ್ರ ಪ್ರಿಂಟಿಗೆ ಹೋಗಬೇಕು, ನಿನ್ನ ಕ್ಲಾಸಿನ ಆ ಉದ್ದನೆಯವನು ಎರಡನೇ ಗಿಟಾರ್ ನುಡಿಸ್ತಾನಂತೆ, ಕೇಳಿದೀನಿ, ಎರಡು ದಿನ ಸಾಕಂತೆ ಅವನಿಗೆ. ಹೂಂ ಎಂದಳು. ಏನು ಹೂಂ? ಯೋಚನೆ ಮಾಡ್ತೀನಿ ಮೇಡಂ. ಏಳನೇ ಹಾಡು ಕೈಬಿಡ್ತೀನಿ ಅಂತ ಮಾತ್ರ ಹೇಳ್ಬೇಡ, ಅದಿಲ್ಲದಿದ್ರೆ ಉಳಿದಿದ್ದು ನೀರು ಹಾಕಿದ ಹಾಲು. ಅದನ್ನೇ ಹೇಳಲು ಹೋಗಿದ್ದಳು, ಹೇಳದೆ ಬಂದಳು.

ಏಳನೇ ಹಾಡು. ಹಗಲು ಬಂದು ಬಾಗಿಲು ಬಡಿದರೆ ಯಾರೂ ಇಲ್ಲ ಅನ್ನು — ಪದ ಅವಳದು, ಲಯ ಅಣ್ಣನದು, ಅಣ್ಣನದೂ ಅಲ್ಲ, ತಗಡು ಒತ್ತುವ ಯಂತ್ರದ್ದು. ಕಾರ್ಖಾನೆಯಿಂದ ಬಂದವನು ಕೈ ತೊಳೆಯುವ ಮೊದಲೇ ಊಟದ ಮೇಜಿನ ಮೇಲೆ ಬೆರಳಲ್ಲಿ ಬಾರಿಸಿದ್ದ, ಧಡ್, ಸುಯ್, ಧಡ್ ಧಡ್, ಕೇಳೇ ಇಲ್ಲಿ, ಇಡೀ ದಿನ ಇದೇ, ಸತ್ತ ಮೇಲೂ ಬಿಡಲ್ಲ ನೋಡು ಇದು ನನ್ನ ತಲೇನ, ಅಮ್ಮ ಬೈದಿದ್ದಳು, ಊಟದ ಹೊತ್ತಲ್ಲಿ ಎಂಥ ಮಾತೋ, ಇವಳು ಅನ್ನ ಬಿಟ್ಟು ಗಿಟಾರು ತಂದಿದ್ದಳು. ಅಂಥದೇ ಯಂತ್ರ. ಎಡಗೈಯ ನಡುಬೆರಳು ಮತ್ತು ಉಂಗುರದ ಬೆರಳು ಅದರಲ್ಲಿ ಹೋದವು. ಅವತ್ತು ಅವನದು ಸಂಜೆಯ ಪಾಳಿ, ಸಂಜೆ ನನ್ನ ಜೊತೆ ಅಭ್ಯಾಸಕ್ಕೆ ಬಾ ಎಂದು ಇವಳು ಹಟ ಹಿಡಿದಿದ್ದಕ್ಕೆ ಬೆಳಗಿನ ಪಾಳಿಗೆ ಬದಲಾಯಿಸಿಕೊಂಡಿದ್ದ, ಅಲ್ಲಿದ್ದದ್ದು ಬೇರೆ ಯಂತ್ರ, ಬೇರೆ ಪೆಡಲು. ಫೋನು ಬಂದಾಗ ಇವಳು ತಂತಿ ಬದಲಾಯಿಸುತ್ತಿದ್ದಳು. ಆರನ್ನೂ ಹಾಕಿ ಮುಗಿಸಿ, ಶ್ರುತಿ ಮಾಡಿ, ಆಮೇಲೆ ಆಸ್ಪತ್ರೆಗೆ ಹೋದಳು — ಇದನ್ನು ಯಾರಿಗೂ ಹೇಳಿಲ್ಲ. ಸ್ಟೂಲನ್ನು ಗೋಡೆಯ ಪಕ್ಕ ಇಟ್ಟು ಮತ್ತೆ ಕುರ್ಚಿ ಎಳೆದಳು, ಇಪ್ಪತ್ತಮೂರು, ಇಪ್ಪತ್ತನಾಲ್ಕು, ಬಾಗಿಲು ಅಷ್ಟಗಲ ತೆರೆಯಿತು, ಅಣ್ಣ.

ಏನಮ್ಮಾ ಗಾಯಕಿ, ಕುರ್ಚಿ ಜೋಡಿಸೋದೂ ನೀನೇ, ಹಾಡೋದೂ ನೀನೇ, ಚಪ್ಪಾಳೆನಾದ್ರೂ ನಮಗೆ ಬಿಡ್ತೀಯೋ ಇಲ್ವೋ, ಎಂದು ಒಳಗೆ ಬಂದ, ಎಡಗೈಗೆ ಇನ್ನೂ ಬಟ್ಟೆ ಸುತ್ತಿದೆ, ಮೊದಲಿನಷ್ಟು ದಪ್ಪಗಿಲ್ಲ, ಅದನ್ನು ಎದೆಗೊತ್ತಿಕೊಂಡು ಬಲ ಮೊಣಕೈಯಲ್ಲಿ ಕುರ್ಚಿಯೊಂದನ್ನು ಸಿಕ್ಕಿಸಿ ಎತ್ತಿದ, ಬುಟ್ಟಿ ಎತ್ತಿಕೊಂಡ ಹಾಗೆ, ನಾನು ಮಾಡ್ತೀನಿ ಬಿಡೋ ಎಂದಳು, ಬಿಡಲಿಲ್ಲ, ಆರು ಕುರ್ಚಿ ಹಾಗೆಯೇ ಹಾಕಿದ, ಒಂದೂ ಸಾಲಿಗಿರಲಿಲ್ಲ, ಅವಳು ಸರಿಮಾಡಲಿಲ್ಲ. ಆಮೇಲೆ ಇಬ್ಬರೂ ಮೊದಲ ಸಾಲಿನಲ್ಲಿ ಪಕ್ಕಪಕ್ಕ ಕೂತರು, ಎದುರಿಗೆ ಯಾರೂ ಇಲ್ಲ. ಉದ್ದನೆಯವನನ್ನ ಕರೀತಾರಂತೆ, ಎಂದಳು. ಕರೀಲಿ, ಚೆನ್ನಾಗಿ ನುಡಿಸ್ತಾನಾ? ಚೆನ್ನಾಗಿ ನುಡಿಸ್ತಾನೆ. ಮತ್ತೆ? ಮತ್ತೆ ಏನಿಲ್ಲ, ಏಳನೇದು ಹಾಡಲ್ಲ ಅಂದ್ಕೊಂಡಿದೀನಿ. ಅಣ್ಣ ತಿರುಗಿ ನೋಡಿದ, ಯಾಕೆ, ಮಿಷನ್ನಿಗೆ ಬೇಜಾರಾಗುತ್ತೆ ಅಂತಾನಾ? ಅದಕ್ಕೇನು ನಿನ್ನ ಹಾಡು ಗೊತ್ತು, ಅದರ ಪಾಡಿಗೆ ಅದು ಬಡೀತಿರುತ್ತೆ, ಪಾಪ. ಆಗ ಅವಳ ಬಾಯಿಂದ ಬಂತು, ತಾನು ಹೇಳುತ್ತಿದ್ದೇನೆ ಎಂದು ತಿಳಿಯುವ ಮುಂಚೆ, ನಾನು ಹಟ ಮಾಡದಿದ್ರೆ ನೀನು ಪಾಳಿ ಬದಲಾಯಿಸ್ತಿರಲಿಲ್ಲ, ನನ್ನಿಂದಾನೇ ಆಗಿದ್ದು ಅಣ್ಣ. ಕೆಳಗೆ ಯಾರದೋ ಕಾರು ಹಿಂದಕ್ಕೆ ಹೋಗುತ್ತ ಕುಂಯ್ ಕುಂಯ್ ಎನ್ನುತ್ತಿತ್ತು. ನಿನಗೆ ಎಲ್ಲಾದಕ್ಕೂ ನಿನ್ನ ಹೆಸರು ಬೇಕು, ಎಂದ ಅಣ್ಣ, ಹಾಡು ಬರೆದೋಳು ನೀನು, ಸರಿ, ಒಪ್ಪಿದೆ, ಇದನ್ನೂ ಬರೆದೋಳು ನೀನೇನಾ? ನಕ್ಕ, ನಗು ಅರ್ಧಕ್ಕೇ ನಿಂತಿತು, ಕಿಸೆಗೆ ಕೈ ಹಾಕಿ ಏನನ್ನೋ ತೆಗೆದು ಅವಳ ತೊಡೆಯ ಮೇಲಿಟ್ಟ, ನೇಲ್ ಕಟರ್. ಒಂದು ಕೆಲಸ ಮಾಡಿಕೊಡು, ಅಮ್ಮನ್ನ ಕೇಳಿದೆ, ಇದನ್ನ ನೋಡಿದವಳೇ ಅಡುಗೆಮನೆಗೆ ಹೋಗಿ ಪಾತ್ರೆ ತಿಕ್ಕೋಕೆ ಶುರು ಮಾಡಿದ್ಲು.

ಬಲಗೈ ಚಾಚಿದ. ತಂತಿ ಮೀಟಲು ಬೆಳೆಸಿದ ಉಗುರು, ಈ ಗಾಯನಕ್ಕೆಂದೇ, ಕೈಗವಸಿನೊಳಗೆ ಕೂಸಿನಂತೆ ಜೋಪಾನ ಮಾಡಿದ್ದು, ಐದು ವಾರದಲ್ಲಿ ಕಂಡಾಪಟ್ಟೆ ಬೆಳೆದಿವೆ, ಅಂಗಿಗೆ ಸಿಕ್ಕುತ್ತವಂತೆ, ಮುಖ ತೊಳೆಯುವಾಗ ಪರಚುತ್ತವಂತೆ, ಎಡಗೈಯಲ್ಲಿ ಕತ್ತರಿಸಿಕೊಳ್ಳಲು ಆಗುವುದಿಲ್ಲ, ಇಷ್ಟು ಸಣ್ಣ ವಿಷಯ, ಅವಳಿಗೆ ಹೊಳೆದೇ ಇರಲಿಲ್ಲ, ಇಷ್ಟು ದಿನ ಅವಳು ಬಟ್ಟೆ ಸುತ್ತಿದ ಕೈಯನ್ನೇ ನೋಡುತ್ತಿದ್ದಳು, ಇನ್ನೊಂದು ಕೈಯನ್ನು ಯಾರೂ ನೋಡಿರಲಿಲ್ಲ. ಕಾರ್ಯಕ್ರಮ ಪತ್ರದ ಕರಡನ್ನೇ ತೊಡೆಯ ಮೇಲೆ ಹಾಸಿಕೊಂಡಳು, ಕಿರುಬೆರಳಿನಿಂದ ಶುರು, ಟಕ್, ಮೂರನೇ ಹಾಡಿನ ಮೇಲೆ ಬಿತ್ತು, ಉಂಗುರದ ಬೆರಳು, ಟಕ್ ಟಕ್, ಅವನ ಕೈ ಬೆಚ್ಚಗಿತ್ತು, ಅದು ಬೆಚ್ಚಗಿದೆ ಎಂದು ಅವಳಿಗೆ ತಿಳಿಯಿತು, ಐದು ವಾರದಲ್ಲಿ ಮೊದಲ ಸಲ ಏನೋ ಒಂದು ಬೆಚ್ಚಗಿದೆ ಎಂದು ತಿಳಿದದ್ದು, ಅಷ್ಟೇ, ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ, ನಡುಬೆರಳು, ಟಕ್, ಮೆಲ್ಲಗೆ ಕಣೇ, ಚರ್ಮ ನನ್ನದು, ತೋರುಬೆರಳು, ಟಕ್. ಆಸ್ಪತ್ರೆಗೆ ಬರೋ ಮುಂಚೆ ನಾನು ತಂತಿ ಎಲ್ಲ ಹಾಕಿ ಮುಗಿಸಿದೆ, ಎಂದಳು, ತಲೆ ಎತ್ತದೆ. ಮತ್ತೆ, ತಂತಿ ಇಲ್ಲದ ಗಿಟಾರು ಇಟ್ಟು ಬರ್ತಿದ್ಯಾ, ಎಂದ. ಕಟರು ಹೆಬ್ಬೆರಳಿಗೆ ಬಂತು. ಉಗುರು ಎರಡು ದವಡೆಗಳ ನಡುವೆ ಹೋಯಿತು, ಒತ್ತುವುದೊಂದೇ ಬಾಕಿ. ತಡಿ, ಎಂದ. ತಡೆದಳು. ಏಳನೇ ಹಾಡಲ್ಲಿ ದಪ್ಪ ತಂತಿ ಬರುತ್ತಲ್ಲ, ಧಡ್ ಅನ್ನೋ ಕಡೆ, ಅದನ್ನ ಒತ್ತಿ ಹಿಡಿಯೋದು ಏನಿಲ್ಲ ಅಲ್ವಾ? ಇಲ್ಲ, ಖಾಲಿ ತಂತಿ. ಅಂದ್ರೆ ಎಡಗೈ ಬೇಕಾಗಿಲ್ಲ. ಅವಳು ಲೆಕ್ಕ ಹಾಕಿದಳು, ಇಡೀ ಹಾಡಿನಲ್ಲಿ ಎಲ್ಲೆಲ್ಲಿ ಎಂದು, ಎಲ್ಲೂ ಇಲ್ಲ, ಬೇಕಾಗಿಲ್ಲ, ಉಳಿದದ್ದನ್ನು ನಾನು ನುಡಿಸಬಹುದು, ನಡುವೆ ತೆರಪು ಬೀಳುತ್ತದೆ, ಬೀಳಲಿ, ಬೇಕಾಗಿಲ್ಲ, ಎಂದಳು. ಹಂಗಾದ್ರೆ ದಪ್ಪ ತಂತಿ ಮೀಟೋಕೆ ಇದೊಂದನ್ನ ಬಿಡು, ಎಂದ. ಪ್ರಿಂಟಿಗೆ ಏನಂತ ಬರೀಲಿ? ಎರಡನೇ ಗಿಟಾರ್ ಅಂತ ಬರೀಬೇಡ, ಸುಳ್ಳಾಗುತ್ತೆ, ದಪ್ಪ ತಂತಿ ಅಂತ ಬರಿ, ಆ ನಿಮ್ಮ ಮೇಡಂ ಏನು ಷರಾ ಹಾಕ್ತಾರೋ ನೋಡೋಣ. ಪೆನ್ನು ತೆಗೆಯಬೇಕು, ಹಾಳೆಯ ಮೇಲಿನ ಉಗುರು ಒದರಬೇಕು, ಸಂಜೆಯೊಳಗೆ ಕೊಡಬೇಕು, ಇನ್ನೂ ಎರಡು ಸ್ಟೂಲು, ದೀಪ, ಅಮ್ಮನಿಗೊಂದು ಫೋನು, ಉದ್ದನೆಯವನಿಗೆ ಬೇಡ ಎನ್ನಬೇಕು, ಎಲ್ಲ ಗೊತ್ತಿದೆ, ಕಟರನ್ನು ಮಾತ್ರ ಹಿಂದಕ್ಕೆ ತೆಗೆಯಲಾಗುತ್ತಿಲ್ಲ, ಅವಳದೇ ಬೆರಳು ಬಿಗಿಹಿಡಿದಿದೆ, ಅದರ ಎರಡು ದವಡೆ, ನಡುವೆ ಆ ಉಗುರು, ಉದ್ದಕ್ಕೆ, ತುಸು ಹಳದಿ, ಮಗ್ಗುಲಿನ ಚರ್ಮದ ಸೀಳಿನಲ್ಲಿ ಇನ್ನೂ ಹೋಗದ ಗ್ರೀಸಿನ ಕಪ್ಪು ಗೆರೆ, ನಾಲ್ಕು ಗಿಡ್ಡ ಬೆರಳುಗಳ ಪಕ್ಕ ಅದೊಂದು, ತೆಗಿ ಎಂದುಕೊಂಡಳು, ಮೆಲ್ಲಗೆ ತೆಗಿ, ದವಡೆ, ಉಗುರು, ಮತ್ತೆ ಅದೇ ದವಡೆ, ಹೆಬ್ಬೆರಳಿನ ಆ ಉಗುರು —