ಹಾಯಿದೋಣಿಯ ತೊಗಲಿನ ಬಿಲ್ಲೆ

ಲಡಾಯಿಯ ಕಾಲ. ಭೀಮಾ ಹೊಳೆಯ ಜೇವರ್ಗಿ ಕಡೆಯ ದಂಡೆಯಲ್ಲಿ ಶಾಂತಲಿಂಗಪ್ಪನ ಹಾಯಿದೋಣಿ ಬೇಸಿಗೆಯಿಂದಲೂ ಕಟ್ಟಿದಲ್ಲಿಯೇ ಕೂತಿತ್ತು. ಮೂಡಲಕ್ಕೆ ಹೋಗುವುದಾದರೆ ಹಾಯಿ ಬಿಚ್ಚಿದರೆ ಸಾಕು. ಗಾಳಿಯೂ ನೀರೂ ಅದೇ ದಿಕ್ಕಿನವು. ಪಡುವಲಕ್ಕೆ, ಅಫಜಲಪುರದ ಕಡೆ ಏರಬೇಕೆಂದರೆ ಇಂಜಿನ್ನೇ ಬೇಕು. ಹಳೆಯ ಮೋಟಾರಿನಿಂದ ಕಿತ್ತು ಕೂಡಿಸಿದ ಇಂಜಿನ್ನೇನೋ ಗಟ್ಟಿಯಾಗಿತ್ತು. ಆದರೆ ಅದಕ್ಕೂ, ನೀರಿನೊಳಗಿನ ಪಂಖ ತಿರುಗಿಸುವ ಕಬ್ಬಿಣದ ದಂಡಕ್ಕೂ ನಡುವೆ ಎರಡನ್ನೂ ಕೂಡಿಸುವ ಜೋಡು ಮುರಿದುಹೋಗಿತ್ತು. ಲಡಾಯಿಯಿಂದಾಗಿ ಹೊಸದು ಸಿಗುವಂತಿರಲಿಲ್ಲ.

ಪಡುವಲದ ಆಚೆ ದಂಡೆಯ ಊರಲ್ಲಿ ಮಗಳು ಶಿವಕಾಂತಾ ಇದ್ದಳು. ತುಂಬಿದ ಬಸುರಿ, ಚೊಚ್ಚಲು, ಅತ್ತೆಯಿಲ್ಲದ ಮನೆ. ಎರೆಮಣ್ಣಿನ ಕೆಸರಿನಲ್ಲಿ ಬಂಡಿ ನಡೆಯುವಂತಿಲ್ಲ. ಹೊಳೆ ತುಂಬುವ ಮೊದಲು ಅವಳನ್ನು ತವರಿಗೆ ತರಬೇಕು. ಶಾಂತಲಿಂಗಪ್ಪನಿಗೆ ಉಂಡರೂ ಮಲಗಿದರೂ ಅದೇ ಚಿಂತೆ.

ಬೇಸಿಗೆಯಲ್ಲಿ ಅವನು ಆ ಜೋಡಿಗಾಗಿ ಸೊಲ್ಲಾಪುರದ ಗುಜರಿಯನ್ನೆಲ್ಲ ಜಾಲಾಡಿ ಬರಿಗೈಯಲ್ಲಿ ಮರಳಿದ್ದ. ಬರುವಷ್ಟರಲ್ಲಿ, ಕರುವಿನಿಂದ ಸಾಕಿದ ಎತ್ತು ಕೆಂದ ಸತ್ತಿತ್ತು. ಹೊಲದ ಬದುವಿನಲ್ಲಿ ಹೂಳಿಸಿದೆನೆಂದು ಹೆಂಡತಿ ಸುಂದರಬಾಯಿ ಹೇಳಿದ್ದಳು. ಅಂದಿನಿಂದ ದಿನಾ ಮುಂಜಾನೆ ಅಲ್ಲಿ ಹೋಗಿ ವಿಭೂತಿ, ಹೂವು ಇಟ್ಟು ಬರುತ್ತಿದ್ದ.

ಕಡೆಗೆ ಜೋಡು ಸಿಕ್ಕಿದ್ದು ಖಜೂರಿ ಎಂಬ ಊರಿನಲ್ಲಿ, ಕೋಳಿಗಳು ಗೂಡು ಮಾಡಿಕೊಂಡಿದ್ದ ಒಂದು ಪಾಳು ಮೋಟಾರಿನಲ್ಲಿ. ಮಿಸ್ತ್ರಿ ಇಮಾಮಸಾಬ ಪ್ರಾಣಿಯ ಪಂಜದಂತೆ ಬೆರಳು ಚಾಚಿದ ಎರಡು ಕಬ್ಬಿಣದ ಪಂಜಗಳನ್ನು ಬಿಚ್ಚಿ ತಂದ, ಒಂದು ಇಂಜಿನ್ನಿಗೆ, ಒಂದು ದಂಡಕ್ಕೆ. ಅವೆರಡರ ನಡುವೆ ಎರಡನ್ನೂ ಹಿಡಿದು ಜೊತೆಗೆ ತಿರುಗುವ ದಪ್ಪ ತೊಗಲಿನ ಬಿಲ್ಲೆಯೊಂದು ಇರಬೇಕು.

"ಕಬ್ಬಿಣ ಸಿಕ್ತ್ರಿ ಸಾವಕಾರ್ರ. ತೊಗಲನ್ನ ಖಜೂರಿ ನಾಯಿಗೋಳು ನಾಷ್ಟಾ ಮಾಡ್ಯಾವ" ಎಂದು ನಕ್ಕಿದ್ದ.

ಬಿಲ್ಲೆ ಮಾಡುವ ಕೆಲಸ ತೊಗಲು ಹದ ಮಾಡುವ ಶಿವರಾಯನಿಗೆ ಹೋಯಿತು. ಇವತ್ತು ಅವನು ಅದನ್ನು ದಂಡೆಗೇ ತಂದ.

"ಹೆಗಲಿನ ತೊಗಲ್ರಿ. ನೊಗ ಹೊತ್ತು ಹೊತ್ತು ಕಲ್ಲಾಗ್ಯದ. ಇಂಜಿನ್ನ ಒಡದೀತು, ಇದು ಹರ್ಯಂಗಿಲ್ಲ."

"ನನ್ನ ಇಂಜಿನ್ನಿಗಿ ಶಾಪ ಹಾಕಬ್ಯಾಡೋ ಮಾರಾಯ" ಎಂದ ಇಮಾಮಸಾಬ.

ಶಾಂತಲಿಂಗಪ್ಪ ಬಿಲ್ಲೆಯನ್ನು ಕೈಯಲ್ಲಿ ಹೊರಳಿಸಿದ. ಹೆಬ್ಬೆರಳು ಒಂದು ಕಡೆ ನಿಂತಿತು. ಬರೆ ಹಾಕಿದ ಗುರುತು. ಮೂರು ಗೆರೆ, ಮೂರನೆಯದು ಸೊಟ್ಟ. ಕರುವಿನ ಹೆಗಲಿಗೆ ಬಾವು ಬಂದಾಗ ತಾನೇ ಕಾದ ಕಬ್ಬಿಣ ಇಟ್ಟಿದ್ದ. ಮೂರನೆಯ ಸಲ ಕರು ಮಿಸುಕಿತ್ತು.

"ಯಾವ ಎತ್ತಿಂದೋ ಇದು, ಶಿವರಾಯ?"

"ಹಿಂಗ್ಯಾಕ ಕೇಳ್ತೀರಿ? ನಿಮ್ಮ ಕೆಂದಂದೇ ಅಲ್ರಿ. ನಿಮ್ಮ ದೋಣಿಗಿ ನಿಮ್ಮ ಎತ್ತಿಂದೇ ಇರ್ಲಿ ಅಂತ ಆರಿಸಿ ಕೊಯ್ದೀನಿ."

"ಕೆಂದನ್ನ ಹೂಳ್ಯಾರ."

"ನಾವೇ ಹೂಳೀವ್ರಿ, ತೊಗಲು ಬಿಡಿಸಿಕೊಂಡು. ಊರಾಗ ಸತ್ತ ದನದ ತೊಗಲು ನಮ್ಮ ಮನಿತನದ ಹಕ್ಕಲ್ರಿ? ಅವ್ವೋರೇ ಕರೆಸಿ ಕೊಟ್ರು..." ಶಿವರಾಯನ ನಗೆ ಇಳಿಯಿತು. "ನಿಮಗ ಗೊತ್ತಿಲ್ಲೇನ್ರಿ?"

ಶಾಂತಲಿಂಗಪ್ಪ ಹೆಂಡತಿಯ ಕಡೆ ತಿರುಗಿದ. ದಂಡೆಯ ಮೇಲೆ ಮಗಳಿಗೆಂದು ಬುತ್ತಿ ಹಿಡಿದು ನಿಂತಿದ್ದ ಸುಂದರಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನೀವು ಊರಾಗ ಇರಲಿಲ್ಲ. ಅವರ ಹಕ್ಕು ನಾ ಹೆಂಗ ತಪ್ಪಿಸ್ಲಿ? ಹೇಳಬೇಕಂತ ಇದ್ದೆ. ನೀವು ಕುಣಿ ಮುಂದ ಕುಂತು ಹಂಗ ಅತ್ರಿ, ನನಗ ಬಾಯೇ ಬರಲಿಲ್ಲ."

ಅವನಿಗೆ ಏನೋ ಹೊಳೆಯಿತು. ತನ್ನ ಕಾಲ ಕಡೆ ನೋಡಿದ. ಮಳೆಗಾಲಕ್ಕೆಂದು ಶಿವರಾಯ ಹೊಲಿದುಕೊಟ್ಟ ಹೊಸ ಕೆರ.

"ಶಿವರಾಯ, ಇವು?"

"ಅದೇ ತೊಗಲ್ರಿ" ಎಂದ ಶಿವರಾಯ, ಹೊಳೆಯ ಕಡೆ ನೋಡುತ್ತ. ಶಾಂತಲಿಂಗಪ್ಪ ಬೆಂಕಿ ತುಳಿದವನಂತೆ ಕಾಲು ಕಿತ್ತುಕೊಂಡ. ಇವನ್ನೇ ಮೆಟ್ಟಿಕೊಂಡು ಬದುವಿನ ತನಕ ಹೋಗುತ್ತಿದ್ದ. ಅಲ್ಲಿ ಬಿಟ್ಟು, ಬರಿಗಾಲಲ್ಲಿ ನಿಂತು ಹೂವು ಇಡುತ್ತಿದ್ದ. ಯಾರನ್ನು ಬೈಯಬೇಕೋ ತಿಳಿಯಲಿಲ್ಲ.

"ಬ್ಯಾರೆ ತೊಗಲು ಇಲ್ಲೇನು?" ಎಂದು ಕೇಳಿದ.

"ಅದಾವ್ರಿ, ತೆಳ್ಳಗ" ಎಂದ ಇಮಾಮಸಾಬ. "ನಡು ಹೊಳ್ಯಾಗ ಹರಿದ್ರ ಅಲ್ಲಾನೇ ಗತಿ."

ದೋಣಿ ಕಟ್ಟಿದ ಗೂಟದ ಬುಡಕ್ಕೆ ಕೆಂಪು ನೀರು ಬಂದು ಬಡಿಯುತ್ತಿತ್ತು. ಮುಂಜಾನೆ ನೀರು ಅಲ್ಲಿತನಕ ಏರಿರಲಿಲ್ಲ.

ಶಾಂತಲಿಂಗಪ್ಪ ಬಿಲ್ಲೆಯನ್ನು ಮಿಸ್ತ್ರಿಯ ಕೈಗಿಟ್ಟ. ಇಮಾಮಸಾಬ ಅದರ ಮೇಲೆ ಪಂಜ ಇಟ್ಟು, ತೂತಿನ ಗುರುತು ಹಾಕಿ, ಕೈ ತಡೆದ.

"ಒಂದು ತೂತು ಆ ಬರಿ ಗುರ್ತಿನ ಮ್ಯಾಲೇ ಬರ್ತದ್ರಿ."

"ಹೊಡಿ."

ಸುತ್ತಿಗೆಯ ಪೆಟ್ಟಿಗೆ ಶಾಂತಲಿಂಗಪ್ಪನ ಹೆಗಲು ತಾನಾಗಿ ಅದುರಿತು.

ಬಿಲ್ಲೆ ಕೂಡಿಸಿದ ಮೇಲೆ ಇಂಜಿನ್ನು ಕೆಮ್ಮಿ ಚಾಲೂ ಆಯಿತು. ತೊಗಲು ಒಂದಿಷ್ಟೂ ಜಗ್ಗಲಿಲ್ಲ. ಗಾಳಿಗೂ ಸೆಳವಿಗೂ ಎದುರಾಗಿ ದೋಣಿ ಪಡುವಲಕ್ಕೆ ಏರಿತು.

ಸೆಳವನ್ನು ಅಡ್ಡ ಸೀಳಿ ಈಚೆ ದಂಡೆ ಹಿಡಿಯಲು ಮರಳುವಾಗಲೂ ಇಂಜಿನ್ನು ಓಡುತ್ತಲೇ ಇತ್ತು. ಶಿವಕಾಂತಾ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದಳು.

"ಯಾಕಪ್ಪಾ, ಮಾರಿ ಹಿಂಗಾಗ್ಯದ? ಹೊಳಿ ಅಷ್ಟೇನೂ ಬಂದಿಲ್ಲಲ್ಲ."

"ಏನಿಲ್ಲವ್ವಾ."

ಬರೆ ಹಾಕಿದ ದಿನ ಕರುವಿನ ಕೊರಳು ತಬ್ಬಿ ಹಿಡಿದವಳು ಅವಳೇ. ಕರುವಿಗಿಂತ ಹೆಚ್ಚು ಅತ್ತವಳೂ ಅವಳೇ. ಎತ್ತು ಸತ್ತ ಸುದ್ದಿಯನ್ನು ಬಸುರಿಗೆ ಯಾರೂ ಮುಟ್ಟಿಸಿರಲಿಲ್ಲ. ಬಿಲ್ಲೆ ತಿರುಗುವ ತನಕ ಭಯವಿಲ್ಲ, ಬರೆಯ ಗೆರೆ ಕಾಣುವುದಿಲ್ಲ. ದಂಡೆ ಹತ್ತಿರ ಬರುತ್ತಲೇ ಇಮಾಮಸಾಬ ಇಂಜಿನ್ನು ಬಂದ್ ಮಾಡಿದ. ಬಿಲ್ಲೆ ನಿಧಾನವಾಗತೊಡಗಿತು. ಶಾಂತಲಿಂಗಪ್ಪ ಥಟ್ಟನೆ ಎದ್ದು, ಮಗಳಿಗೂ ಅದಕ್ಕೂ ನಡುವೆ ಧೋತರ ಹರವಿ ನಿಂತ.

"ಏಳವ್ವಾ" ಎಂದ, "ಆ ಕಡಿ ನೋಡು, ನಿಮ್ಮವ್ವ ನಿಂತಾಳ."